ಸಫಾರಿ ಮೋಟಾರು ಪಂದ್ಯ

ಮೋಟಾರು ಪಂದ್ಯವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ನುಣುಪಾದ ಡಾಂಬರು ಹಾದಿ, ಆ ಹಾದಿಯಲ್ಲಿ ಮಿಂಚಿನಂತೆ ಸುತ್ತುವ ಕಾರುಗಳು, ಸುತ್ತಲೂ ಕಿಕ್ಕಿರಿದ ಪ್ರೇಕ್ಷಕರು. ಅಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದವನೇ ವಿಜಯಿ. ಆದರೆ ವೇಗವೊಂದರಿಂದಲೇ ಗೆಲ್ಲಲಾಗದ, ಕೊನೆಯ ಗೆರೆಯನ್ನು ಮುಟ್ಟುವುದೇ ಒಂದು ಗೆಲುವೆನಿಸುವ ಪಂದ್ಯವೂ ಜಗತ್ತಿನಲ್ಲಿದೆ. 1963ರಲ್ಲಿ ಈ ಪಂದ್ಯಕ್ಕೆ ಹೊರಟ ಕಾರುಗಳು 84. ಮುಗಿಸಿ ಬಂದವು ಏಳು. ಉಳಿದವು ಕೆಸರಿನಲ್ಲಿ ಹೂತು, ಹಳ್ಳಗಳಲ್ಲಿ ಸಿಲುಕಿ, ಅಚ್ಚು ಮುರಿದು, ದಾರಿಯುದ್ದಕ್ಕೂ ಅಲ್ಲಲ್ಲೇ ಉಳಿದುಹೋದವು. ಪೂರ್ವ ಆಫ್ರಿಕದ ಆ ಪ್ರಸಿದ್ಧ ಸ್ಪರ್ಧೆಯ ಹೆಸರು ಸಫಾರಿ ರ‍್ಯಾಲಿ.

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಪದ. ಪಯಣ ಎಂಬುದು ಅದರ ಅರ್ಥ. ಅರಬ್ಬೀ ಭಾಷೆಯ ‘ಸಫರ್’ ಎಂಬ ಶಬ್ದವು ವ್ಯಾಪಾರಿಗಳ ಹಡಗುಗಳೊಡನೆ ಆಫ್ರಿಕದ ಪೂರ್ವ ಕರಾವಳಿಗೆ ಹೋಗಿ ಈ ರೂಪವನ್ನು ತಳೆಯಿತು. ಅದೇ ಶಬ್ದವು ಉರ್ದು, ಹಿಂದಿ ಭಾಷೆಗಳ ಮೂಲಕ ನಮ್ಮ ಕಿವಿಗೂ ಪರಿಚಿತವಾಗಿದೆ. ಈ ಸ್ಪರ್ಧೆಗೆ ‘ಪಯಣ’ ಎಂಬ ಹೆಸರು ಬಂದುದು ಸಾರ್ಥಕವಾಗಿಯೇ ಇದೆ. ಏಕೆಂದರೆ ಇದು ಗೊತ್ತಾದ ಒಂದು ವೃತ್ತದಲ್ಲಿ ಸುತ್ತುವ ಓಟವಲ್ಲ. ನಾಡಿನಿಂದ ನಾಡಿಗೆ, ಹಗಲಿನಿಂದ ಇರುಳಿಗೆ ಸಾಗುವ ದೀರ್ಘ ಪ್ರಯಾಣ.

ಈ ಪಂದ್ಯ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಕೆನ್ಯಾ ದೇಶವು ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲವದು. ಅಲ್ಲಿ ಲಂಗಾ ಲಂಗಾ ಎಂಬ ಒಂದು ಪಂದ್ಯಪಥವಿತ್ತು. ಎರಿಕ್ ಸೆಸಿಲ್ ಎಂಬ ಮೋಟಾರುಪ್ರಿಯನು ತನ್ನ ಬಂಧು ನೀಲ್ ವಿನ್ಸೆಂಟನನ್ನು ಅಲ್ಲಿ ಸ್ಪರ್ಧಿಸುವಂತೆ ಕರೆದನು. ಒಂದೇ ಹಾದಿಯಲ್ಲಿ ಗಾಣದ ಎತ್ತಿನಂತೆ ಸುತ್ತುವುದರಲ್ಲಿ ವಿನ್ಸೆಂಟನಿಗೆ ಆಸಕ್ತಿಯಿರಲಿಲ್ಲ. ಮನೆಯ ಬಾಗಿಲಿನಿಂದ ಕಾರು ಹತ್ತಿ, ಅರ್ಧ ಆಫ್ರಿಕವನ್ನು ದಾಟಿ ಹಿಂದಿರುಗುವ ಪಂದ್ಯವಾದರೆ ತಾನು ಸಿದ್ಧನೆಂದು ಅವನು ಉತ್ತರ ಕೊಟ್ಟನಂತೆ. ಹಾಸ್ಯಕ್ಕೆಂದು ಆಡಿದ ಆ ಮಾತು ಸೆಸಿಲ್‌ನ ಮನಸ್ಸಿನಲ್ಲಿ ಬೇರೂರಿತು.

ಸಂದರ್ಭವೂ ಬೇಗನೆ ಒದಗಿಬಂತು. 1953ರ ಜೂನ್ 2ರಂದು ಇಂಗ್ಲೆಂಡಿನಲ್ಲಿ ರಾಣಿ ಎರಡನೆಯ ಎಲಿಜಬೆತ್‌ಳ ಪಟ್ಟಾಭಿಷೇಕ ನಡೆಯಲಿತ್ತು. ಆ ಸಂಭ್ರಮದ ಅಂಗವಾಗಿ ಮೇ 27ರಿಂದ ಜೂನ್ 1ರವರೆಗೆ ಕೆನ್ಯಾ, ಉಗಾಂಡ ಮತ್ತು ಟಾಂಗಾನೀಕಾ ಪ್ರಾಂತಗಳಲ್ಲಿ ‘ಪಟ್ಟಾಭಿಷೇಕ ಸಫಾರಿ’ಯನ್ನು ಏರ್ಪಡಿಸಲಾಯಿತು. ಅಂಗಡಿಯಲ್ಲಿ ಕಾರಿಗೆ ಇದ್ದ ಬೆಲೆಯನ್ನು ಅನುಸರಿಸಿ ಸ್ಪರ್ಧಿಗಳನ್ನು ವರ್ಗಗಳಾಗಿ ವಿಂಗಡಿಸಿದ್ದರು. ಅಲನ್ ಡಿಕ್ಸ್ ಎಂಬಾತನ ಪುಟ್ಟ ಫೋಕ್ಸ್‌ವ್ಯಾಗನ್ ಕಾರು ಎಲ್ಲರಿಗಿಂತ ಉತ್ತಮ ಸಾಧನೆಯನ್ನು ತೋರಿತು. ಬೆಲೆ ಹೆಚ್ಚಾದ ಮಾತ್ರಕ್ಕೆ ಗೆಲುವು ಒಲಿಯದೆಂಬ ಪಾಠ ಮೊದಲ ವರ್ಷದಲ್ಲಿಯೇ ಎಲ್ಲರಿಗೂ ದೊರೆಯಿತು.

ಆ ಸಂಭ್ರಮದ ಹಿಂದೆ ಮತ್ತೊಂದು ಚಿತ್ರವೂ ಇತ್ತು ಎಂಬುದನ್ನು ಮರೆಯಲಾಗದು. 1952ರ ಅಕ್ಟೋಬರಿನಲ್ಲಿಯೇ ಕೆನ್ಯಾದಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಲಾಗಿತ್ತು. ತಮ್ಮ ಭೂಮಿಯನ್ನು ಕಳೆದುಕೊಂಡ ಆಫ್ರಿಕನ್ನರು ಪರಕೀಯರ ಆಳ್ವಿಕೆಯ ವಿರುದ್ಧ ದಂಗೆಯೆದ್ದಿದ್ದರು. ಸಾವಿರಾರು ಜನ ಶಿಬಿರಗಳಲ್ಲಿ ಬಂಧಿತರಾಗಿದ್ದರು. ಇಂಥ ನೆಲದ ಮೇಲೆ, ದೂರದ ರಾಣಿಯೊಬ್ಬಳ ಗೌರವಾರ್ಥವಾಗಿ, ಬಹುಮಟ್ಟಿಗೆ ಬಿಳಿಯ ವಲಸಿಗರೇ ಸೇರಿ ಆಡಿದ ಆಟವಿದು. ಹೀಗೆ ಹುಟ್ಟಿದ ಆಟವು ಮುಂದೆ ಆ ನಾಡಿನ ಜನರದೇ ಹಬ್ಬವಾಗಿ ಬೆಳೆದುದು ಇತಿಹಾಸದ ಒಂದು ವಿಚಿತ್ರವೆನ್ನಬೇಕು. ಟಾಂಗಾನೀಕಾ 1961ರಲ್ಲಿಯೂ ಉಗಾಂಡ 1962ರಲ್ಲಿಯೂ ಕೆನ್ಯಾ 1963ರ ಡಿಸೆಂಬರ್ 12ರಂದೂ ಸ್ವತಂತ್ರವಾದುವು. ಅದಕ್ಕೆ ಮೊದಲೇ, 1960ರಲ್ಲಿ, ಪಂದ್ಯವು ಪಟ್ಟಾಭಿಷೇಕದ ಹೆಸರನ್ನು ಕಳಚಿ ‘ಪೂರ್ವ ಆಫ್ರಿಕ ಸಫಾರಿ’ ಎನಿಸಿಕೊಂಡಿತ್ತು. ಬ್ರಿಟಿಷರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದಿದ್ದ ಜೋಮೊ ಕೆನ್ಯಾಟಾ ಅವರೇ ಸ್ವತಂತ್ರ ಕೆನ್ಯಾದ ಅಧ್ಯಕ್ಷರಾಗಿ, ಬಾವುಟ ಬೀಸಿ ಸಫಾರಿಯ ಕಾರುಗಳನ್ನು ಬೀಳ್ಕೊಡುವ ಕಾಲ ಬಂತು.

ಈ ಪಂದ್ಯದ ಕಾಠಿಣ್ಯವನ್ನು ಅರಿಯಬೇಕಾದರೆ ಆ ನೆಲವನ್ನು ಅರಿಯಬೇಕು. ಪೂರ್ವ ಆಫ್ರಿಕವನ್ನು ಸೀಳಿಕೊಂಡು ಹೋಗುವ ಮಹಾಕಣಿವೆಯೊಂದಿದೆ. ಅದರ ಎರಡು ಬದಿಗಳಲ್ಲಿಯೂ ಕಡಿದಾದ ಗಿರಿಭಿತ್ತಿಗಳು ಎದ್ದುನಿಂತಿವೆ. ಮೊಂಬಾಸ ಬಂದರಿನ ಸಮುದ್ರತೀರದಿಂದ ಹೊರಟ ದಾರಿಯು ಎಂಟು-ಒಂಬತ್ತು ಸಾವಿರ ಅಡಿ ಎತ್ತರದ ಮಲೆಗಳಿಗೆ ಏರುತ್ತದೆ. ಕೆಳಗೆ ಬೆವರು ಹರಿಸುವ ಸೆಕೆ. ಮೇಲೆ ಕೈ ಕೊರೆಯುವ ಚಳಿ ಮತ್ತು ಮಂಜು. ಭೂಮಧ್ಯರೇಖೆಯನ್ನು ಹಾಯ್ದುಹೋಗುವ ಈ ಹಾದಿಯಲ್ಲಿ ಕೆಂಪು ಜಲ್ಲಿಮಣ್ಣಿನ ರಸ್ತೆಗಳುಂಟು, ಮರಳಿನ ಹಳ್ಳಗಳುಂಟು, ಚೂಪುಗಲ್ಲುಗಳ ಬಯಲುಗಳುಂಟು. ನಮ್ಮ ಬಯಲುಸೀಮೆಯಲ್ಲಿರುವಂಥ ಎರೆಮಣ್ಣೂ ಅಲ್ಲಿ ವಿಸ್ತಾರವಾಗಿ ಹರಡಿದೆ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಬಂಡಿ ಹೊಡೆದವರಿಗೆ ಆ ಮಣ್ಣಿನ ಗುಣ ಗೊತ್ತು. ಒಣಗಿದಾಗ ಅದು ಬಾಯ್ಬಿಟ್ಟ ಕಲ್ಲು. ನೆನೆದಾಗ ಚಕ್ರವನ್ನು ಹಿಡಿದು ಬಿಡದ ಅಂಟು.

ಪಂದ್ಯವು ಬಹುಕಾಲ ಈಸ್ಟರ್ ಹಬ್ಬದ ರಜೆಯಲ್ಲಿ ನಡೆಯುತ್ತಿತ್ತು. ಪೂರ್ವ ಆಫ್ರಿಕದಲ್ಲಿ ದೊಡ್ಡ ಮಳೆಗಳು ಮೊದಲಾಗುವ ಕಾಲವೂ ಅದೇ. ಆದ್ದರಿಂದ ಬೆಳಿಗ್ಗೆ ಧೂಳೆದ್ದು ಕಣ್ಣು ಕಾಣದಂತಿದ್ದ ದಾರಿಯು ಸಂಜೆಯ ವೇಳೆಗೆ ಕೆಸರಿನ ಹೊಂಡವಾಗುತ್ತಿತ್ತು. ನಿನ್ನೆ ಒಣಗಿದ್ದ ತೊರೆ ಇಂದು ದಡಮೀರಿ ಹರಿಯುತ್ತಿತ್ತು. ಇಷ್ಟು ಸಾಲದೆಂಬಂತೆ, ಹಾದಿಗೆ ಬೇಲಿಯಿರಲಿಲ್ಲ, ಕಾವಲಿರಲಿಲ್ಲ. ಸಾಮಾನ್ಯರ ಲಾರಿ, ಬಸ್ಸು, ದನಕರುಗಳ ಸಂಚಾರವಿರುವ ರಸ್ತೆಗಳಲ್ಲಿಯೇ ಪಂದ್ಯ ನಡೆಯುತ್ತಿತ್ತು. ಜೀಬ್ರಾಗಳ ಹಿಂಡು, ಜಿರಾಫೆ, ಕೆಲವೊಮ್ಮೆ ಆನೆಯೂ ದಾರಿಗೆ ಅಡ್ಡಬರುವುದುಂಟು. 1963ರಲ್ಲಿ ಮುಂಚೂಣಿಯಲ್ಲಿದ್ದ ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್, ಗೆದ್ದಲು ತಿಂದು ಬದುಕುವ ಆರ್ಡ್‌ವಾರ್ಕ್ ಎಂಬ ನಿಶಾಚರ ಪ್ರಾಣಿಗೆ ಕಾರು ಬಡಿದ ಕಾರಣ ಗೆಲುವನ್ನೇ ಕಳೆದುಕೊಂಡನು. ಪ್ರಾಣಿಗಳನ್ನು ತಡೆಯಲೆಂದೇ ಸಫಾರಿಯ ಕಾರುಗಳ ಮುಂಭಾಗಕ್ಕೆ ಉಕ್ಕಿನ ದಪ್ಪ ಸರಳುಗಳನ್ನು ಜೋಡಿಸುವ ಪದ್ಧತಿ ಬಂತು.

ಈ ಸ್ಪರ್ಧೆಯ ನಿಯಮವೂ ವಿಶಿಷ್ಟವಾಗಿತ್ತು. ಸುಮಾರು ಐದು ಸಾವಿರ ಕಿಲೋಮೀಟರ್ ಉದ್ದದ ಹಾದಿಯನ್ನು ಹಲವು ಘಟ್ಟಗಳಾಗಿ ವಿಭಾಗಿಸಲಾಗುತ್ತಿತ್ತು. ಪ್ರತಿಯೊಂದು ಘಟ್ಟಕ್ಕೂ ಇಷ್ಟು ಸಮಯವೆಂದು ಗೊತ್ತುಪಡಿಸಿ, ಅದರ ಕೊನೆಯಲ್ಲಿ ವೇಳೆಯನ್ನು ಗುರುತಿಸುವ ಠಾಣೆಯನ್ನು ಇರಿಸುತ್ತಿದ್ದರು. ಗೊತ್ತಾದ ವೇಳೆಗಿಂತ ಎಷ್ಟು ನಿಮಿಷ ತಡವಾಯಿತೋ ಅಷ್ಟು ಅಂಕಗಳ ದಂಡ. ಕೊನೆಯಲ್ಲಿ ಅತ್ಯಂತ ಕಡಮೆ ದಂಡ ತೆತ್ತವನೇ ವಿಜಯಿ. ಕಾರಿನಲ್ಲಿ ಚಾಲಕನೊಬ್ಬ, ಸಹಚಾಲಕನೊಬ್ಬ. ನಕ್ಷೆ ಮತ್ತು ಟಿಪ್ಪಣಿಗಳನ್ನು ಓದಿ, ಮುಂದಿನ ತಿರುವನ್ನೂ ಹಳ್ಳವನ್ನೂ ಮೊದಲೇ ಹೇಳುವುದು ಸಹಚಾಲಕನ ಕೆಲಸ. ಕಾರು ಹೂತಾಗ ಇಳಿದು ನೂಕುವುದೂ ಅವನ ಪಾಲಿಗೇ ಬರುತ್ತಿತ್ತು. ಹಲವು ವೇಳೆ ಹಳ್ಳಿಯ ಜನರೂ ಮಕ್ಕಳೂ ಓಡಿಬಂದು ಕೈಗೂಡಿಸುತ್ತಿದ್ದರು. ಸ್ವಾಹಿಲಿಯಲ್ಲಿ ‘ಹರಾಂಬೆ’ ಎಂಬ ಮಾತೊಂದಿದೆ. ಎಲ್ಲರೂ ಕೂಡಿ ಎಳೆಯೋಣ ಎಂಬುದು ಅದರ ಭಾವ. ಸ್ವತಂತ್ರ ಕೆನ್ಯಾದ ಧ್ಯೇಯವಾಕ್ಯವಾದ ಆ ಮಾತು ಸಫಾರಿಯ ಕೆಸರಿನ ಹಾದಿಯಲ್ಲಿ ಅಕ್ಷರಶಃ ಸತ್ಯವಾಗುತ್ತಿತ್ತು.

1963ರಲ್ಲಿ ಉಳಿದುಬಂದ ಏಳು ಕಾರುಗಳ ಕಥೆ 1968ರಲ್ಲಿ ಪುನರಾವರ್ತನೆಯಾಯಿತು. ಆ ವರ್ಷ ಮಳೆ ಭೀಕರವಾಗಿತ್ತು. ಹೊರಟ ತೊಂಬತ್ತಕ್ಕೂ ಹೆಚ್ಚು ಕಾರುಗಳಲ್ಲಿ ಮುಗಿಸಿದವು ಮತ್ತೆ ಏಳೇ. ಎರಡು ಸಲವೂ ಗೆದ್ದವರು ನಿಕ್ ನೊವಿಕಿ ಮತ್ತು ಪ್ಯಾಡಿ ಕ್ಲಿಫ್ ಎಂಬ ಜೊತೆಗಾರರು. ಅವರ ಕಾರು ಪ್ಯೂಜೋ 404. ಅದು ಪಂದ್ಯಕ್ಕೆಂದು ಹುಟ್ಟಿದ ಕಾರಲ್ಲ, ಸಂಸಾರಸ್ಥರು ಕೊಂಡು ಬಳಸುವ ಗಟ್ಟಿಮುಟ್ಟಾದ ಬಂಡಿ. 1968ರ ಏಳನೆಯ ಕಾರಿನಲ್ಲಿದ್ದವರು ಲುಸಿಲ್ ಕಾರ್ಡ್‌ವೆಲ್ ಮತ್ತು ಜೆರಾಲ್ಡೀನ್ ಡೇವಿಸ್ ಎಂಬ ಇಬ್ಬರು ಮಹಿಳೆಯರು. ಖ್ಯಾತನಾಮರಾದ ಎಷ್ಟೋ ಚಾಲಕರು ಕೈಚೆಲ್ಲಿ ಕುಳಿತ ದಾರಿಯನ್ನು ಅವರು ಕೊನೆಮುಟ್ಟಿಸಿದರು. ಏಳರಲ್ಲಿ ಏಳನೆಯದೆಂಬ ಸ್ಥಾನ ಬೇರೆಡೆಯಲ್ಲಿ ಕಡೆಯದೆನಿಸಬಹುದು. ಸಫಾರಿಯಲ್ಲಿ ಅದು ಕೀರ್ತಿಯ ಸ್ಥಾನ.

ಸಫಾರಿಯ ಕೀರ್ತಿ ಹರಡಿದಂತೆಲ್ಲ ಯುರೋಪಿನ ಮತ್ತು ಜಪಾನಿನ ದೊಡ್ಡ ಕಾರ್ಖಾನೆಗಳು ತಮ್ಮ ಶ್ರೇಷ್ಠ ಚಾಲಕರನ್ನು ಕಳುಹಿಸತೊಡಗಿದುವು. ಇಲ್ಲಿ ಗೆದ್ದ ಕಾರು ಎಲ್ಲಿಯಾದರೂ ಬಾಳಿಕೆ ಬರುವುದೆಂಬ ನಂಬಿಕೆ ಮಾರುಕಟ್ಟೆಯಲ್ಲಿ ಮೂಡಿತು. ಆದರೂ 1971ರವರೆಗೆ, ಮೊದಲಿನಿಂದ ಸುಮಾರು ಎರಡು ದಶಕಗಳ ಕಾಲ, ಹೊರಗಿನ ಚಾಲಕರಾರೂ ಈ ಪಂದ್ಯವನ್ನು ಗೆಲ್ಲಲಾಗಲಿಲ್ಲ. ಪೂರ್ವ ಆಫ್ರಿಕದಲ್ಲಿ ನೆಲೆಸಿದವರೇ ಪ್ರತಿಸಲವೂ ಗೆಲ್ಲುತ್ತಿದ್ದರು. ಕಾರಣ ಸ್ಪಷ್ಟ. ಹೊರಗಿನಿಂದ ಬಂದವರು ಹಾದಿಯೊಡನೆ ಸೆಣಸುತ್ತಿದ್ದರು; ಸ್ಥಳೀಯರು ಹಾದಿಗೆ ಹೊಂದಿಕೊಳ್ಳುತ್ತಿದ್ದರು. ಎಲ್ಲಿ ಓಡಿಸಬೇಕು, ಎಲ್ಲಿ ನಿಧಾನಿಸಬೇಕು, ಮೋಡ ಯಾವ ದಿಕ್ಕಿನಲ್ಲಿ ಕಟ್ಟಿದರೆ ಯಾವ ಹಳ್ಳ ತುಂಬುತ್ತದೆ ಎಂಬುದು ಅವರಿಗೆ ಗೊತ್ತಿತ್ತು. 1972ರಲ್ಲಿ ಫಿನ್ಲೆಂಡಿನ ಹನ್ನು ಮಿಕ್ಕೊಲ, ಸ್ವೀಡನ್ನಿನ ಗುನ್ನಾರ್ ಪಾಮ್‌ನೊಡನೆ ಫೋರ್ಡ್ ಎಸ್ಕಾರ್ಟ್ ಕಾರಿನಲ್ಲಿ ಗೆದ್ದಾಗ ಮಾತ್ರ ಆ ಪರಂಪರೆ ಮುರಿಯಿತು.

ಹೀಗೆ ನೆಲವನ್ನು ಅರಿತು ಗೆದ್ದವರಲ್ಲಿ ಭಾರತೀಯ ಮೂಲದವರ ಹೆಸರುಗಳು ಎದ್ದುಕಾಣುತ್ತವೆ. ಇದಕ್ಕೊಂದು ಹಿನ್ನೆಲೆಯಿದೆ. 1896ರಲ್ಲಿ ಬ್ರಿಟಿಷರು ಮೊಂಬಾಸದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಮಾರ್ಗವನ್ನು ಹಾಕತೊಡಗಿದರು. ಅದಕ್ಕಾಗಿ ಭಾರತದಿಂದ, ಮುಖ್ಯವಾಗಿ ಪಂಜಾಬಿನಿಂದ, ಸುಮಾರು 32,000 ಕೂಲಿಕಾರರನ್ನು ಕರೆದೊಯ್ದರು. 1901ರಲ್ಲಿ ರೈಲುಹಾದಿ ಸರೋವರವನ್ನು ಮುಟ್ಟುವ ವೇಳೆಗೆ ಅವರಲ್ಲಿ ಸುಮಾರು 2,500 ಮಂದಿ ರೋಗರುಜಿನ, ಅಪಘಾತ, ಕಾಡುಮೃಗಗಳ ಬಾಯಿಗೆ ಸಿಕ್ಕಿ ಮಡಿದಿದ್ದರು. ಅವರ ಬಳಿಕ ವ್ಯಾಪಾರಿಗಳು, ಬಡಗಿಗಳು, ಯಂತ್ರಕುಶಲಿಗಳು ಸಮುದ್ರ ದಾಟಿ ಹೋಗಿ ಅಲ್ಲಿಯೇ ಬೇರುಬಿಟ್ಟರು.

ಅಂಥ ಒಂದು ಸಿಖ್ ಕುಟುಂಬದಲ್ಲಿ, ಕೆನ್ಯಾದ ಕೆರಿಚೊ ಎಂಬ ಊರಿನಲ್ಲಿ, 1932ರಲ್ಲಿ ಜೋಗಿಂದರ್ ಸಿಂಗ್ ಹುಟ್ಟಿದರು. ಚಿಕ್ಕಂದಿನಿಂದಲೇ ಗ್ಯಾರೇಜಿನ ಕೆಲಸದಲ್ಲಿ ಪಳಗಿದರು. ಮೋಟಾರು ಸಂಘವೊಂದರಲ್ಲಿ ಗಸ್ತಿನ ಕೆಲಸಕ್ಕೆ ಸೇರಿ, ದಾರಿಯಲ್ಲಿ ಕೆಟ್ಟುನಿಂತ ಕಾರುಗಳನ್ನು ಸರಿಪಡಿಸಿಕೊಡುತ್ತಿದ್ದರು. ನಾಡಿನ ರಸ್ತೆಗಳ ಪರಿಚಯವೂ ಯಂತ್ರದ ನಾಡಿಜ್ಞಾನವೂ ಅವರಿಗೆ ಹೀಗೆ ದುಡಿಮೆಯಿಂದಲೇ ದೊರೆತವು. 1965ರಲ್ಲಿ ಅವರು ತಮ್ಮ ತಮ್ಮನಾದ ಜಸ್ವಂತ್ ಸಿಂಗನೊಡನೆ ಸಫಾರಿಯಲ್ಲಿ ಗೆದ್ದರು. ಅವರ ವೋಲ್ವೊ ಕಾರು ಹೊಸದಲ್ಲ. ವೋಲ್ವೊ ಕಂಪನಿಯವರು ಹಿಂದೆ ಪಂದ್ಯದಲ್ಲಿ ಬಳಸಿ ಬಿಟ್ಟುಹೋಗಿದ್ದುದನ್ನು ಕೊಂಡು, ಅಣ್ಣತಮ್ಮಂದಿರು ತಾವೇ ಸಜ್ಜುಗೊಳಿಸಿದ್ದರು. ಆ ಹಳೆಯ ಕಾರು ಎರಡನೆಯ ಸ್ಥಾನದವರಿಗಿಂತ ಸುಮಾರು ನೂರು ನಿಮಿಷ ಮೊದಲೇ ಗುರಿ ಸೇರಿತ್ತು. 1974ರಲ್ಲಿ ಅವರು ಚಿಕ್ಕದಾದ ಮಿತ್ಸುಬಿಷಿ ಲ್ಯಾನ್ಸರ್ ಕಾರಿನಲ್ಲಿ, ಬಲಶಾಲಿಯಾದ ಪೋರ್ಷೆ ಕಾರನ್ನು ಹಿಂದಿಕ್ಕಿ ಎರಡನೆಯ ಸಲವೂ, 1976ರಲ್ಲಿ ಮೂರನೆಯ ಸಲವೂ ಗೆದ್ದರು. ಆದರೆ ಅವರ ಹಿರಿಮೆಯನ್ನು ತಿಳಿಸುವ ಲೆಕ್ಕ ಬೇರೊಂದಿದೆ. 22 ಸಲ ಸ್ಪರ್ಧಿಸಿ ಅವರು 19 ಸಲ ಪಂದ್ಯವನ್ನು ಮುಗಿಸಿದರು. 1963 ಮತ್ತು 1968ರ ಆ ಏಳೇಳು ಕಾರುಗಳಲ್ಲಿಯೂ ಅವರದೊಂದು ಇತ್ತು. ತಲೆಗೆ ಪೇಟ ಸುತ್ತಿದ ಆ ಚಾಲಕನನ್ನು ಕೆನ್ಯಾದ ಜನ ‘ಹಾರುವ ಸಿಖ್’ ಎಂದು ಕರೆದು ತಮ್ಮವನೆಂದು ಹೆಮ್ಮೆಪಟ್ಟರು.

ಶೇಖರ್ ಮೆಹ್ತಾರ ಕಥೆ ಮತ್ತೊಂದು ಬಗೆಯದು. ಅವರು ಹುಟ್ಟಿದುದು 1945ರಲ್ಲಿ, ಉಗಾಂಡದಲ್ಲಿ. 1972ರ ಆಗಸ್ಟಿನಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನನು ಏಷ್ಯಾ ಮೂಲದವರೆಲ್ಲರೂ 90 ದಿನಗಳೊಳಗೆ ದೇಶ ಬಿಟ್ಟು ಹೋಗಬೇಕೆಂದು ಆಜ್ಞಾಪಿಸಿದನು. ಹತ್ತಾರು ಸಾವಿರ ಜನ ಮನೆಮಾರು, ಅಂಗಡಿ, ತೋಟಗಳನ್ನು ಬಿಟ್ಟು, ಕೈಯಲ್ಲಿ ಹಿಡಿಯುವಷ್ಟನ್ನು ಹಿಡಿದು ಹೊರಟರು. ಮೆಹ್ತಾರ ಕುಟುಂಬವೂ ಉಗಾಂಡವನ್ನು ತೊರೆಯಬೇಕಾಯಿತು. ಅವರು ಕೆನ್ಯಾದಲ್ಲಿ ನೆಲೆನಿಂತರು. ಹುಟ್ಟಿದ ನಾಡು ಹೊರಗಟ್ಟಿದ ಕೆಲವೇ ತಿಂಗಳಲ್ಲಿ, 1973ರ ಸಫಾರಿಯಲ್ಲಿ, ಇಪ್ಪತ್ತೇಳು ವರ್ಷದ ಆ ತರುಣ ಡಾಟ್ಸನ್ ಕಾರಿನೊಡನೆ ಸ್ಪರ್ಧೆಗಿಳಿದರು. ಪಂದ್ಯ ಮುಗಿದಾಗ ಅವರದೂ ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರಾಮ್‌ನದೂ ದಂಡದ ಅಂಕಗಳು ಸರಿಸಮವಾಗಿದ್ದವು. ಸಾವಿರಾರು ಕಿಲೋಮೀಟರ್ ದೂರದ ಓಟದಲ್ಲಿ ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ! ದಂಡವಿಲ್ಲದೆ ಹೆಚ್ಚು ದೂರ ಬಂದವರು ಯಾರೆಂದು ನೋಡಿ ಮೆಹ್ತಾರನ್ನು ವಿಜಯಿಯೆಂದು ಸಾರಿದರು. ಮುಂದೆ 1979ರಿಂದ 1982ರವರೆಗೆ ನಾಲ್ಕು ವರ್ಷ ಬಿಡದೆ ಗೆದ್ದು, ಒಟ್ಟು ಐದು ವಿಜಯಗಳ ದಾಖಲೆಯನ್ನು ಅವರು ಸ್ಥಾಪಿಸಿದರು. ಯಾವ ನೆಲ ಯಾರದೆಂದು ಆಜ್ಞೆಯಿಂದ ನಿರ್ಣಯಿಸಲು ಹೊರಟವನ ಅಧಿಕಾರ 1979ರಲ್ಲಿ ಕುಸಿಯಿತು. ಆ ವರ್ಷವೇ ಮೆಹ್ತಾ ಎರಡನೆಯ ಬಾರಿ ವಿಜಯಿಯಾದರು.

ರಾಜಕೀಯದ ಬಿರುಗಾಳಿ ಪಂದ್ಯದ ಹಾದಿಯನ್ನೂ ಬದಲಿಸಿತು. ಒಮ್ಮೆ ಮೂರು ನಾಡುಗಳನ್ನು ಬೆಸೆಯುತ್ತಿದ್ದ ಸಫಾರಿಯು 1970ರ ದಶಕದ ಮಧ್ಯದ ವೇಳೆಗೆ ಕೆನ್ಯಾವೊಂದಕ್ಕೇ ಸೀಮಿತವಾಯಿತು. ಹೆಸರಿನಿಂದ ‘ಪೂರ್ವ ಆಫ್ರಿಕ’ ಎಂಬುದು ಬಿದ್ದುಹೋಯಿತು. ಇತ್ತ 1973ರಲ್ಲಿ ಆರಂಭವಾದ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಸಫಾರಿಗೆ ಮೊದಲ ವರ್ಷವೇ ಸ್ಥಾನ ದೊರೆಯಿತು. ಕಾರ್ಖಾನೆಗಳ ಪೈಪೋಟಿ ಹೆಚ್ಚಿತು. ಹಾದಿಯಲ್ಲಿ ಅಡ್ಡಬರುವ ಪ್ರಾಣಿ, ವಾಹನಗಳನ್ನು ಮುಂದಾಗಿ ಕಂಡು ತಿಳಿಸಲು ಹೆಲಿಕಾಪ್ಟರುಗಳು ಕಾರುಗಳ ಮೇಲೆ ಹಾರತೊಡಗಿದುವು. ಖರ್ಚು ಬೆಳೆದಂತೆ ಸ್ಥಳೀಯ ಚಾಲಕರಿಗೆ ಗೆಲುವು ದುರ್ಲಭವಾಯಿತು. ಆದರೂ 1994ರಲ್ಲಿ ಕೆನ್ಯಾದ ಇಯಾನ್ ಡಂಕನ್ ಗೆದ್ದನು. ಅದೇ ವರ್ಷ ಪ್ಯಾಟ್ರಿಕ್ ಎನ್ಜಿರು ಎಂಬ ಆಫ್ರಿಕನ್ ಚಾಲಕನು ನಾಲ್ಕನೆಯವನಾಗಿ ಬಂದನು. ಬಿಳಿಯ ವಲಸಿಗರ ವಿನೋದವಾಗಿ ಮೊದಲಾದ ಪಂದ್ಯದಲ್ಲಿ ಮಣ್ಣಿನ ಮಗನೊಬ್ಬನು ಮುಂಚೂಣಿಯವರ ಸಾಲಿನಲ್ಲಿ ನಿಂತುದನ್ನು ಕಂಡು ಜನ ಹರ್ಷಿಸಿದರು.

ಸಾಹಸಕ್ಕೆ ತೆರಬೇಕಾದ ಬೆಲೆಯೂ ಇತ್ತು. ಎಲ್ಲರೂ ನಡೆದಾಡುವ ರಸ್ತೆಯಲ್ಲಿ ಕಾರುಗಳು ಬಿರುಸಾಗಿ ಧಾವಿಸಿದಾಗ ಅಪಘಾತಗಳಾದುವು, ಪ್ರಾಣಹಾನಿಯೂ ಆಯಿತು. ಒಬ್ಬರ ಸಾಹಸವು ಮತ್ತೊಬ್ಬರ ಬದುಕಿಗೆ ಎರವಾಗಬಾರದೆಂಬ ಆಕ್ಷೇಪ ನ್ಯಾಯವಾದುದೇ. ಇದರೊಡನೆ ಹಣದ ಅಡಚಣೆಯೂ ಸೇರಿತು. 2002ರ ಬಳಿಕ ಸಫಾರಿಯು ವಿಶ್ವ ಚಾಂಪಿಯನ್‌ಷಿಪ್‌ನ ಪಟ್ಟಿಯಿಂದ ಕೈಬಿಟ್ಟುಹೋಯಿತು. ಆದರೆ ಪಂದ್ಯ ಅಳಿಯಲಿಲ್ಲ. ಆಫ್ರಿಕ ಖಂಡದ ಸ್ಪರ್ಧೆಯಾಗಿ ಅದು ಮುಂದುವರಿಯಿತು. 2003ರಲ್ಲಿ, ಮೊದಲ ಸಫಾರಿಗೆ ಐವತ್ತು ತುಂಬಿದಾಗ, ಹಳೆಯ ಕಾಲದ ಕಾರುಗಳಿಗಾಗಿಯೇ ಬೇರೊಂದು ಸಫಾರಿಯೂ ಆರಂಭವಾಯಿತು.

ಹಲವು ವರ್ಷಗಳ ಪ್ರಯತ್ನದ ನಂತರ 2020ರಲ್ಲಿ ಸಫಾರಿಯನ್ನು ಮತ್ತೆ ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿಸಲು ಗೊತ್ತಾಗಿತ್ತು. ಕೋವಿಡ್ ಸಾಂಕ್ರಾಮಿಕದಿಂದ ಆ ವರ್ಷ ಅದು ನಡೆಯಲಿಲ್ಲ. 2021ರಲ್ಲಿ ನೈವಾಷ ಸರೋವರದ ಸುತ್ತಮುತ್ತ ಪಂದ್ಯ ಪುನಃ ನಡೆಯಿತು. ಐದು ಸಾವಿರ ಕಿಲೋಮೀಟರುಗಳ ಪಯಣ ಈಗಿಲ್ಲ. ಸಾಮಾನ್ಯ ಸಂಚಾರವನ್ನು ನಿಲ್ಲಿಸಿ, ಕಾವಲಿಟ್ಟ ಹಾದಿಗಳಲ್ಲಿ ಆ ವರ್ಷ ನಡೆದುದು ಸುಮಾರು 320 ಕಿಲೋಮೀಟರ್ ದೂರದ ಸ್ಪರ್ಧೆಯಷ್ಟೇ. ಹಾಗೆಂದು ನೆಲದ ಸ್ವಭಾವ ಬದಲಾಗಲಿಲ್ಲ. ಬೆಲ್ಜಿಯಮ್ಮಿನ ತಿಯೆರಿ ನೂವಿಲ್ ಕೊನೆಯ ದಿನದವರೆಗೂ ಎಲ್ಲರಿಗಿಂತ ಮುಂದಿದ್ದನು. ಆದರೆ ಕಲ್ಲುಹಾದಿಯ ಹೊಡೆತಕ್ಕೆ ಅವನ ಕಾರಿನ ಚಕ್ರದ ಆಧಾರ ಮುರಿದು, ಗೆಲುವು ಫ್ರಾನ್ಸಿನ ಸೆಬಾಸ್ಟಿಯನ್ ಓಜಿಯೆಯ ಪಾಲಾಯಿತು. ಕೆನ್ಯಾದ ಸಿಖ್ ಮನೆತನದ ಓಂಕಾರ್ ರಾಯ್ ಏಳನೆಯ ಸ್ಥಾನ ಪಡೆದು, ಜೋಗಿಂದರರ ಪರಂಪರೆ ಇನ್ನೂ ಉಳಿದಿದೆಯೆಂಬುದನ್ನು ತೋರಿಸಿದನು.

ಸಫಾರಿಯ ಈ ಇತಿಹಾಸವನ್ನು ಅವಲೋಕಿಸಿದಾಗ ಒಂದು ಅಂಶ ಮನಸ್ಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಸ್ಪರ್ಧಿಗೆ ನಿಜವಾದ ಎದುರಾಳಿ ಮತ್ತೊಬ್ಬ ಸ್ಪರ್ಧಿಯಲ್ಲ, ನೆಲ. ಆ ನೆಲವು ಬಿಳಿಯ, ಕರಿಯ, ಕಂದುಬಣ್ಣದವನೆಂಬ ಭೇದವನ್ನು ಎಣಿಸಲಿಲ್ಲ. ಕಾರಿನ ಬೆಲೆಯನ್ನೂ ಕೇಳಲಿಲ್ಲ. ತನ್ನ ಮಳೆಯನ್ನು, ಮಣ್ಣನ್ನು, ಹಳ್ಳಕೊಳ್ಳಗಳನ್ನು ತಿಳಿದು ನಡೆದವನಿಗೆ ಅದು ದಾರಿ ಬಿಟ್ಟಿತು. ಗ್ಯಾರೇಜಿನಲ್ಲಿ ದುಡಿದವನೂ ನಾಡಿನಿಂದ ಹೊರದೂಡಲ್ಪಟ್ಟವನೂ ಅಲ್ಲಿ ವಿಜಯಿಗಳಾದರು. ನೈರೋಬಿಯ ಗುರಿಕಟ್ಟೆಯನ್ನು ಏರಿ ನಿಂತ ಕಾರಿನ ಬಣ್ಣ ಕೆಸರಿನಿಂದ ಕಾಣದಂತಾಗಿರುತ್ತಿತ್ತು. ದೀಪ ಒಡೆದು, ತಗಡು ನುಗ್ಗಾಗಿರುತ್ತಿತ್ತು. ಆದರೂ ನೆರೆದ ಜನ ಅದನ್ನು ಜಯಘೋಷದಿಂದ ಸ್ವಾಗತಿಸುತ್ತಿದ್ದರು. ಅದು ಮೊದಲನೆಯದಾಗಿ ಬಂತೋ ಏಳನೆಯದಾಗಿ ಬಂತೋ ಎಂಬುದು ಆಮೇಲಿನ ಮಾತು. ಹೊರಟ ಪಯಣವನ್ನು ಅದು ಮುಗಿಸಿ ಬಂದಿತ್ತು.